ಕಚ್ಚೆಗೆ ಒತ್ತದ ಬಕಲ್

ಚೆನ್ನೈನ ಪುರಸೈವಾಕ್ಕಂನ ಅಂಗಡಿಯಲ್ಲಿ ನೀರಜಾ ಒಂದೂವರೆ ವರ್ಷದ ಮಗನನ್ನು ಮಗು ಹೊರುವ ಹೊಸ ಚೀಲದಲ್ಲಿ ಕೂರಿಸಿ, ಎದೆಗೆ ಕಟ್ಟಿಕೊಂಡು ಕನ್ನಡಿ ನೋಡಿದಳು. ಮಗುವಿನ ತೊಡೆಗಳಿಗೆ ಪೂರ್ತಿ ಆಸರೆಯಿತ್ತು. ಸೋಮವಾರ ಅವಳ ರಜೆ ಮುಗಿಯುತ್ತಿತ್ತು. ಮಗುವನ್ನು ನೋಡಿಕೊಳ್ಳುತ್ತೀರಾ ಎಂದು ಅತ್ತೆಯನ್ನು ಕೇಳಲು ಅವಳಿಗೆ ಇನ್ನೂ ಬಾಯಿ ಬಂದಿರಲಿಲ್ಲ.

"ಒಳ್ಳೆ ಕಾಂಗರೂ ಥರ ಇದ್ದೀಯ ಕಣೇ," ಎಂದರು ಅತ್ತೆ ರುಕ್ಮಾಬಾಯಿ. "ಬಿಚ್ಚು, ಇಲ್ಲಿ ಕೊಡು."

"ಇದು ಬೇಡ ಅಂತೀರಾ ಅಮ್ಮ?"

ರುಕ್ಮಾಬಾಯಿ ತಮ್ಮ ಒಂಬತ್ತು ಗಜದ ಸೀರೆಯ ಮೇಲೆ ಚೀಲದ ಸೊಂಟದ ಪಟ್ಟಿ ಬಿಗಿದುಕೊಂಡರು. ಮೊಮ್ಮಗನನ್ನು ಕೂರಿಸಿಕೊಂಡು ಅಂಗಡಿಯಲ್ಲೇ ಒಂದು ಸುತ್ತು ನಡೆದರು. ಹಿಂದಿನ ಬಕಲ್ ಕಚ್ಚೆಯ ಗಂಟಿಗೆ ಒತ್ತುತ್ತಿತ್ತು.

ಅಂಗಡಿಯಾಕೆಗೆ ತಮಿಳಿನಲ್ಲಿ ಹೇಳಿದರು: "ಬಕಲ್ ಪಕ್ಕಕ್ಕೆ ಬರೋದು ತೋರಿಸಮ್ಮ. ಇವಳು ಆಫೀಸಿಗೆ ಹೋದಮೇಲೆ ಇವನನ್ನ ಹೊರೋಳು ನಾನು."