ಹಳೇ ದೆವ್ವದ ಪಿಕ್ಚರ್

ಸತ್ತವರು ಮನೆಗೆ ಮರಳತೊಡಗಿ ಒಂಬತ್ತು ವರ್ಷವಾಗಿತ್ತು. ಹುಬ್ಬಳ್ಳಿಯ ಟಾಕೀಸುಗಳಲ್ಲಿ ಅವರಿಗೂ ಟಿಕೆಟ್ ಕಡ್ಡಾಯ. ಒಂದು ಕಾಲಕ್ಕೆ ಊರನ್ನೇ ನಡುಗಿಸಿದ್ದ ದೆವ್ವದ ಚಿತ್ರ ನೋಡಲು ಕಮಲವ್ವ ಒಂದು ಬದಿಗೆ ಗಂಡ ಚನ್ನಪ್ಪನನ್ನೂ ಇನ್ನೊಂದು ಬದಿಗೆ ತೀರಿಹೋದ ಅತ್ತೆ ನೀಲವ್ವನನ್ನೂ ಕೂರಿಸಿಕೊಂಡಿದ್ದಳು.

ತೆರೆಯ ಮೇಲೆ ಬಿಳಿ ಸೀರೆಯ ದೆವ್ವ ತೇಲಿ ಬಂದಾಗ ಜನ ಆಕಳಿಸಿದರು.

"ಸೀರಿ ಉಡಾಕೂ ಬರೂದಿಲ್ಲ ಇಕಿಗೆ," ಎಂದಳು ನೀಲವ್ವ.

ಆಮೇಲೆ ಮಂತ್ರವಾದಿ ಬಂದ. ದೆವ್ವಕ್ಕೆ ಮೆಣಸಿನಕಾಯಿ ಹೊಗೆ ಹಾಕಿ, ಕಸಬರಿಗೆಯಿಂದ ಬಡಿಯತೊಡಗಿದ. ಬದುಕಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸತ್ತವರು ಕುರ್ಚಿಗಳ ಅಡಿ ಹುದುಗಿದರು.

"ಥೂ, ಹೊಲಸ ಪಿಕ್ಚರ್!" ಎಂದು ಕಮಲವ್ವ ಮುಖ ಕಿವಿಚಿದಳು. "ಏಳ್ರಿ ಅತ್ತಿ, ಮನಿಗೆ ಹೋಗೂಣು."

ನೀಲವ್ವ ಕುರ್ಚಿಯಡಿಯಿಂದಲೇ ಹೇಳಿದಳು: "ನನ್ನ ಮಗಾ ಸಿಳ್ಳಿ ಹೊಡ್ಯಾಕತ್ತಾನ ನೋಡವ್ವ. ನಾ ಮನಿಗೆ ಬರಬೇಕೋ ಬ್ಯಾಡೋ, ಮೊದಲ ಅವನ್ನ ಕೇಳು."