ಅಡ್ಡ ನಿಂತವನು

ಗುಂಡು ತಲೆಯ ಮೇಲಿನ ಟೋಪಿ ಕಿತ್ತು ನೆಲಕ್ಕೆಸೆದ. "ಈ ಚಿತ್ರದಲ್ಲಿ ಇನ್ನು ಇವನಿರಬೇಕು, ಇಲ್ಲ ನಾನಿರಬೇಕು," ಎಂದ. ಇದೂ ತಮಾಷೆಯೇ ಇರಬೇಕೆಂದು ನಿರ್ದೇಶಕ ನಕ್ಕ. ಗುಂಡು ನಗಲಿಲ್ಲ. ನಗಿಸುವುದೇ ಕಸುಬಾದವನು ಮುಖ ಗಂಟು ಹಾಕಿಕೊಂಡರೆ ಸೆಟ್ಟಿನಲ್ಲಿ ಯಾರಿಗೆ ತಾನೇ ಮಾತು ಹೊರಡುತ್ತದೆ? ದೀಪದವರು ದೀಪ ಆರಿಸಿ ಮೆಲ್ಲಗೆ ಜಾಗ ಖಾಲಿ ಮಾಡಿದರು.

'ಇವನು' ಎಂದರೆ ಸೂಜಿ, ಗುಂಡುವಿನ ಹೆಂಡತಿಯ ಒಡಹುಟ್ಟಿದ ತಮ್ಮ. ಭಾವ ಪೀಪಾಯಿ, ಭಾವಮೈದುನ ಕಡ್ಡಿ; ಜನ ಇಬ್ಬರನ್ನೂ ಸೇರಿಸಿ ಗುಂಡು-ಸೂಜಿ ಎಂದೇ ಕರೆಯುತ್ತಿದ್ದರು. ಪ್ರತಿ ಚಿತ್ರದಲ್ಲೂ ಅದೇ ಆಟ: ಗುಂಡು ಒಂದೇ ಉಸಿರಿನಲ್ಲಿ ಸೂಜಿಯ ಜನ್ಮ ಜಾಲಾಡುತ್ತಾನೆ, ಸೂಜಿ ಕಂಬದ ಹಾಗೆ ನಿಂತು ಉಗುಳು ನುಂಗುತ್ತಾನೆ. ಅಷ್ಟಕ್ಕೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈ ಚಿತ್ರದಲ್ಲಿ ಮಾತ್ರ ಕಂಬಕ್ಕೆ ಕೈಕಾಲು ಬಂದಿತ್ತು. ಬೈಗುಳದ ನಡುವೆ ಗುಂಡು ಒಂದಿಷ್ಟು ತಡೆದರೆ ಸಾಕು, ಸೂಜಿ ಅವನ ಮುಂದೆ ಬಂದು ನಿಂತು, ಕನ್ನಡಕ ತೆಗೆದು, ಸಾವಕಾಶವಾಗಿ ಒರೆಸಿ, ತಲೆಕೆಳಗಾಗಿ ಹಾಕಿಕೊಳ್ಳುತ್ತಿದ್ದ. ನಿರ್ದೇಶಕ ಬಿದ್ದು ಬಿದ್ದು ನಗುತ್ತಿದ್ದ. ಜೊತೆಯ ನಟನನ್ನು ಕ್ಯಾಮೆರಾಗೆ ಮರೆ ಮಾಡುವುದೆಂದರೆ ಈ ಕಸುಬಿನಲ್ಲಿ ಅವನ ತಟ್ಟೆಗೆ ಕೈ ಹಾಕಿದ ಹಾಗೆ.

"ನನ್ನ ನಗು ಕದಿಯೋಕೆ ನಾನೇ ನಿನ್ನನ್ನ ಕರ್ಕೊಂಡು ಬಂದ ಹಾಗಾಯ್ತು. ಹಾವಿಗೆ ಹಾಲೆರೆದೆ ಕಣೋ."

"ಭಾವ, ಅದು ಹಾಗಲ್ಲ..."

"ಭಾವ ಗೀವ ಎಲ್ಲ ಮನೇಲಿ."

ನಿರ್ದೇಶಕ ಗಡಿಯಾರ ನೋಡಿಕೊಂಡು, "ಊಟ ಮುಗಿಯೋದ್ರೊಳಗೆ ತೀರ್ಮಾನ ಮಾಡಿ. ಮಧ್ಯಾಹ್ನದ ದೃಶ್ಯ ಒಬ್ಬರದ್ದೋ ಇಬ್ಬರದ್ದೋ ನಂಗೆ ಗೊತ್ತಾಗ್ಬೇಕು," ಎಂದು ಹೊರಟುಹೋದ.

ಗುಂಡು ಊಟಕ್ಕೆ ಹೋಗಲಿಲ್ಲ. ಅವನ ಸಂಕಟ ಅವನಿಗೇ ಗೊತ್ತು. ಹೃದಯ ಸೋತಿದೆ, ಹೆಚ್ಚು ಮಾತಾಡಬೇಡಿ ಎಂದು ವೈದ್ಯರು ಹೇಳಿ ಬಹಳ ದಿನವಾಗಿತ್ತು. ಮೊದಲು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದ ಮಾತು ಈಗ ಅರ್ಧಕ್ಕೇ ನಿಲ್ಲುತ್ತಿತ್ತು, ಕಣ್ಣು ಕತ್ತಲೆ ಬಂದು ಗಳಿಗೆ ಹೊತ್ತು ಮೈಮೇಲೆ ಪರಿವೆ ಇರುತ್ತಿರಲಿಲ್ಲ. ಅದು ತನಗೂ ಹೆಂಡತಿಗೂ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದೆಂದು ಅವನು ನಂಬಿದ್ದ. ತಿಳಿದರೆ ಯಾರು ಕೆಲಸ ಕೊಡುತ್ತಾರೆ? ಇರುವ ಅರ್ಧ ನಗುವನ್ನೂ ಮನೆಯವನೇ ಕದ್ದರೆ ಇನ್ನೇನು ಉಳಿಯಿತು?

ನೇರವಾಗಿ ಸಂಕಲನದ ಕೋಣೆಗೆ ನುಗ್ಗಿದ. ಅಲ್ಲಿ ಸಂಕಲನ ಮಾಡುವಾಕೆ ಕೊರಳಿಗೆ ಫಿಲ್ಮಿನ ಸುರುಳಿ ಹಾಕಿಕೊಂಡು ಕೂತಿದ್ದಳು.

"ತಾಯಿ, ಅವನ ಕನ್ನಡಕದ ಚೇಷ್ಟೆ ಇದೆಯಲ್ಲ, ಅದಷ್ಟನ್ನೂ ಕತ್ತರಿಸಿ ಬಿಸಾಕಿ."

"ಕತ್ತರಿಸೋಣ ಬಿಡಿ, ಅದೇನು ಮಹಾ. ಅದಕ್ಕೆ ಮೊದಲು ಪಕ್ಕದ ಕ್ಯಾಮೆರಾದಲ್ಲಿ ಬಂದಿರೋದನ್ನ ಒಂದ್ಸಲ ನೋಡಿ."

ಪುಟ್ಟ ಪರದೆಯಲ್ಲಿ ದೃಶ್ಯ ಓಡಿತು. ಮುಂದೆ ಸೂಜಿ ಒಂದೇ ಕೈಯಲ್ಲಿ ಕನ್ನಡಕವನ್ನು ಅಂಗಿಗೆ ಉಜ್ಜುತ್ತಿದ್ದಾನೆ. ಅವನ ಬೆನ್ನ ಹಿಂದೆ ಒಬ್ಬ ಮುದುಕ ಮೇಜಿನಂಚು ಹಿಡಿದು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾನೆ. ಆ ಮುದುಕ ತಾನೇ ಎಂದು ಗುರುತು ಹಿಡಿಯಲು ಗುಂಡುವಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸೂಜಿಯ ಇನ್ನೊಂದು ಕೈ ಎಲ್ಲಿ? ಅದು ಹಿಂದಕ್ಕೆ ಚಾಚಿ, ಭಾವನ ಬೆಲ್ಟನ್ನು ಬಿಗಿಯಾಗಿ ಹಿಡಿದು, ಅಷ್ಟು ದೊಡ್ಡ ದೇಹವನ್ನು ಬೀಳದಂತೆ ನಿಲ್ಲಿಸಿತ್ತು. ಆ ಕಡ್ಡಿ ಕೈಯ ನರಗಳೆಲ್ಲ ಉಬ್ಬಿದ್ದವು.

"ಇಂಥವು ಎಷ್ಟಿವೆ?"

"ನೀವು ತಡೆದಾಗೆಲ್ಲ. ಮುಂದಿನ ಕ್ಯಾಮೆರಾದಲ್ಲಿ ಒಂದೂ ಕಾಣಲ್ಲ, ಅಷ್ಟು ಸರಿಯಾಗಿ ಅಡ್ಡ ನಿಂತಿದ್ದಾರೆ. ಈಗ ಹೇಳಿ, ಕತ್ತರಿಸ್ಲಾ?"

ಗುಂಡು ಯಾವ ಜನ್ಮದ ಋಣವೋ ಎಂದುಕೊಂಡ. ಬೇಡವೆಂದು ಕೈಯಾಡಿಸಿ ಹೊರಬಿದ್ದ.

ಮೇಕಪ್ ಕೋಣೆಯಲ್ಲಿ ಸೂಜಿ ಹತ್ತಿಯಿಂದ ಬಣ್ಣ ಒರೆಸಿಕೊಳ್ಳುತ್ತಿದ್ದ.

"ಬಣ್ಣ ಯಾಕೋ ತೆಗೀತಿದೀಯ?"

"ನೀವೇ ಬೇಡ ಅಂದ್ರಲ್ಲ ಭಾವ."

"ನಿಮ್ಮಕ್ಕ ಹೇಳಿದ್ಲಾ?"

"ಅಕ್ಕ ಯಾಕೆ ಹೇಳ್ಬೇಕು? ಇಷ್ಟು ವರ್ಷ ನನ್ನ ಮುಖದ ಮೇಲೇ ಉಸಿರು ಬಿಟ್ಕೊಂಡು ಬೈದಿದೀರ. ಅದು ಕಮ್ಮಿ ಆದ್ರೆ ನಂಗೆ ಗೊತ್ತಾಗಲ್ವಾ?"

"ಒಂದು ಮಾತು ಹೇಳೋದಲ್ವೇನೋ ಪೆದ್ದ?"

"ಹೇಳಿದ್ರೆ ನಾಚ್ಕೊಂಡು ಮನೇಲಿ ಕೂತ್ಬಿಡ್ತಿದ್ರಿ. ಆಮೇಲೆ ನನ್ನನ್ನ ಬೈಯೋರು ಯಾರು?"

ಗುಂಡು ಬಣ್ಣದ ಡಬ್ಬಿ ಎಳೆದುಕೊಂಡು, ಒರೆಸಿದ್ದಷ್ಟನ್ನೂ ತಾನೇ ಮತ್ತೆ ಹಚ್ಚಿದ. ಬಣ್ಣ ಕಿವಿಗೂ ಆಯಿತು, ಸೂಜಿ ಮಿಸುಕಾಡಲಿಲ್ಲ. ಹೊರಗಿನಿಂದ ನಿರ್ದೇಶಕನ ದನಿ ಕೇಳಿಸಿತು: "ಒಬ್ಬರಾ, ಇಬ್ಬರಾ?"

"ಇಬ್ಬರು ಕಣಯ್ಯಾ," ಎಂದು ಗುಂಡು ಕೂಗಿ ಹೇಳಿದ. ಆಮೇಲೆ ದನಿ ತಗ್ಗಿಸಿ ಸೂಜಿಯ ಕಡೆ ತಿರುಗಿದ. "ಕನ್ನಡಕ ಇನ್ನೂ ಸ್ವಲ್ಪ ನಿಧಾನವಾಗಿ ಒರೆಸು. ಜನ ನಿನ್ನನ್ನ ನೋಡಿ ನಗ್ತಾ ಇರ್ಲಿ. ಅಷ್ಟರಲ್ಲಿ ನಾನು ಬದುಕ್ಕೋತೀನಿ."