ಉಜ್ಜಿದ ಕಲ್ಲುಗಳು

ಆಸ್ಪತ್ರೆಯಿಂದ ಮನೆಗೆ ಬಂದ ತಮ್ಮನನ್ನು ಅಕ್ಕ ಮಂಚಕ್ಕೂ ಕರೆದೊಯ್ಯದೆ, ಮೊದಲು ಮೀನಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕೂರಿಸಿದಳು. ಗಾಜು, ತಳದ ಕಲ್ಲು, ಪಂಪಿನ ಕೊಳವೆ ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಉಸಿರು ಹಿಡಿತಕ್ಕೆ ಬಂದ ಮೇಲೆ ಅವನು ಕೇಳಿದ.

"ಏನು ಮಾಡ್ದೆ ಇದಕ್ಕೆ?"

"ಬ್ರಷ್ ತಗೊಂಡು ಒಂದೊಂದೇ ಕಲ್ಲು ಉಜ್ಜಿದೆ. ಎಷ್ಟು ಪಾಚಿ ಕಟ್ಟಿಸಿದ್ದೆಯೋ ಸೋಮಾರಿ."

ಅವಳು ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವವಳು. ಕೊಳೆ ಕಂಡರೆ ಕೈ ಸುಮ್ಮನಿರದು. ಅವನು ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ದುಡಿದು, ಅದರ ಧೂಳನ್ನೇ ಎದೆಗೆ ತುಂಬಿಕೊಂಡವನು. ಶೆಡ್ಡಿನ ಹಿಂದಿನ ತೊರೆಯಿಂದ ಹಿಡಿದು ತಂದ ಬೆರಳುದ್ದದ ಮೀನುಗಳಿವು. ಮೇಲೆ ಈಜುವ ಜಾತಿಯಲ್ಲ, ಹರಿವ ನೀರಿಗೆ ಮುಖ ಕೊಟ್ಟು ತಳದ ಕಲ್ಲಿಗೆ ಅಂಟಿಕೊಂಡೇ ಬದುಕುವಂಥವು. ಆಸ್ಪತ್ರೆಗೆ ಹೊರಟಾಗ ಅವನು ಹೇಳಿದ್ದು ಒಂದೇ ಮಾತು, ಪಂಪು ನಿಲ್ಲಿಸಬೇಡ ಎಂದು. ಅವಳು ನಿಲ್ಲಿಸಿರಲಿಲ್ಲ.

ಮಿಕ್ಕ ಮೀನುಗಳೆಲ್ಲಿ ಎಂದು ಕೇಳಿದ್ದಕ್ಕೆ, ಸತ್ತವು ಎಂದಳು. ಅಂಗಡಿಯಿಂದ ತಂದ ತಿಂಡಿಯನ್ನು ದಿನವೂ ತಪ್ಪದೆ ಹಾಕಿದ್ದಳಂತೆ. ಉಳಿದವಕ್ಕೆ ಮಾತ್ರ ತನ್ನ ಮೇಲೆ ಜೀವ, ತಾನು ಊಟಕ್ಕೆ ಕೂತರೆ ಹತ್ತಿರದ ಆ ಮೂಲೆಗೇ ಬಂದು ಗಾಜಿಗೆ ಅಂಟಿಕೊಳ್ಳುತ್ತವೆ ಎಂದೂ ಸೇರಿಸಿದಳು.

ಅವನು ಬಗ್ಗಿ ನೋಡಿದ. ಕೊಳವೆ ಅಡ್ಡ ಬಂದು ಅವಳ ಬ್ರಷ್ ಎಟುಕದ ಆ ಮೂಲೆಯಲ್ಲಿ ಮಾತ್ರ ಗಾಜಿನ ಮೇಲೆ ಬೆರಳಗಲದ ಹಸಿರು ಉಳಿದಿತ್ತು. ಮೂರು ಮೀನುಗಳು ಅದಕ್ಕೆ ಬಾಯಿ ಒತ್ತಿಕೊಂಡಿದ್ದವು. ಹೊಟ್ಟೆಗಳು ಒಳಕ್ಕೆ ಸೇದಿಹೋಗಿದ್ದವು.

"ಅಕ್ಕ, ಅವು ತಿನ್ನೋದೇ ಪಾಚಿ. ನೀನು ಹಾಕಿದ್ದೆಲ್ಲ ನೀರಿನ ಸೆಳೆತಕ್ಕೆ ಪಂಪಿನ ಬಾಯಿಗೆ ಹೋಗಿರುತ್ತೆ."

ಅವಳೂ ಬಗ್ಗಿ ಆ ಮೂಲೆ ನೋಡಿದಳು. "ಮೊದಲೇ ಹೇಳಬಾರದಿತ್ತಾ?"

"ಕೊಳೆ ತೆಗೀಬೇಡ ಅಂದ್ರೆ ನೀನು ಕೇಳೋಳಾ?" ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಪಾಲಿಶ್ ಮಾತ್ರ ಚೆನ್ನಾಗಿದೆ. ನಮ್ಮ ಶೆಡ್ಡಲ್ಲಿ ಕೆಲಸ ಕೊಡ್ತಿದ್ರು," ಎಂದ.

ಕಲ್ಲುಗಳನ್ನು ನೀರಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಪಾಚಿ ಮತ್ತೆ ಹತ್ತುತ್ತದೆ, ಒಂದು ತಿಂಗಳಾದರೂ ಬೇಕು ಎಂದು ಹೇಳಿದ. "ಹಸಿರು ಬಂದ ದಿನ ನಾನು ಮಲಗಿದ್ರೂ ಎಬ್ಬಿಸು. ಅವು ತಿನ್ನೋದು ನೋಡ್ಬೇಕು."

ಹೂಂ ಎಂದಳು. ಬೆಳಿಗ್ಗೆ ಡಾಕ್ಟರು, ಮನೆಗೆ ಕರೆದುಕೊಂಡು ಹೋಗಮ್ಮ, ಕೇಳಿದ್ದು ಕೊಡು ಎಂದಿದ್ದರು. ಆ ಮಾತು ಹೇಳಿಸಿಕೊಂಡು ಹೋದವರ ಹಾಸಿಗೆಗಳನ್ನು ಅವಳು ವರ್ಷಗಳಿಂದ ತೊಳೆಯುತ್ತ ಬಂದಿದ್ದಳು. ಅವರಲ್ಲಿ ಒಬ್ಬರೂ ತಿಂಗಳು ದಾಟಿದ್ದು ಅವಳಿಗೆ ಗೊತ್ತಿರಲಿಲ್ಲ.

ಮಹಡಿಯ ಮೇಲೆ ಬಿಸಿಲು ಬೀಳುವ ಕಡೆ ಬಕೆಟ್ ಇಟ್ಟಳು. ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಹತ್ತಿ ನೋಡುವುದಾಯಿತು. ಒಂದು ದಿನ ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡಳು.

"ಏನ್ರೀ, ನೀರು ನಾರ್ತಾ ಇದೆ. ಚೆಲ್ಲಿ ತೊಳೆದುಬಿಡ್ಲಾ?"

ಕೆಳಗಿನಿಂದ ಕೆಮ್ಮು ಕೇಳಿಸಿತು. ಅಕ್ಕ ಬಕೆಟ್ಟಿಗೆ ಕೈಯಿಳಿಸಿ ಕಲ್ಲು ಸವರಿ ನೋಡಿದಳು. ಇನ್ನೂ ಏನೂ ಹತ್ತಿರಲಿಲ್ಲ.

"ಮುಟ್ಟಬೇಡಿ," ಎಂದಳು. "ಬೇಗ ಕೊಳೀಲಿ."